ಹೂಂಗುಟ್ಟುವ ಡಬ್ಬಿ

“ಮುಂದಿನ ಶುಕ್ರವಾರದ ಹೊತ್ತಿಗೆ ಈ ಕಚೇರಿಯಲ್ಲಿ ಒಬ್ಬರೂ ಜೊತೆಯಿಲ್ಲದೆ ಕೈ ತೊಳೆಯೋಕೂ ಹೋಗಬಾರದು, ಅಂಥಾ ಮನೆ ಕಟ್ಟಿ ಕೊಡ್ತೀನಿ!” ಎಂದು ಮೇಸ್ತ್ರಿ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ತಲೆಬುರುಡೆ ಉರುಳಿ ಬಂದು ಅವನ ಕಾಲಿನ ಹೆಬ್ಬೆರಳನ್ನೇ ಜಜ್ಜಿತು. ಬೇರೆಯವರಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮೇಸ್ತ್ರಿ ಆ ಪೈಕಿಯಲ್ಲ. ಕುಂಟುತ್ತಲೇ ಇನ್ನೊಮ್ಮೆ ಘೋಷಿಸಿದ.

ಮೇಸ್ತ್ರಿ ಎಂದರೆ ಇಟ್ಟಿಗೆ, ಗಾರೆಯ ಮೇಸ್ತ್ರಿಯಲ್ಲ. ಹೆದರಿಸುವ ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಂಪನಿಯಲ್ಲಿ ಅವನಿಗೆ ಮನೆ ಕಟ್ಟುವ ಕೆಲಸ. ದೆವ್ವಗಳನ್ನು ಬೇರೆಯವರು ಮಾಡುತ್ತಾರೆ, ಸುತ್ತಲಿನ ಮರಗಳನ್ನು ಇನ್ನೊಬ್ಬ ನೆಡುತ್ತಾನೆ. ದೆವ್ವ ಸಂಸಾರ ಹೂಡಲು ಬೇಕಾದ ಗೋಡೆ, ಬಾಗಿಲು, ಮೆಟ್ಟಿಲು, ಬಚ್ಚಲು ಎಲ್ಲ ಇವನ ಇಲಾಖೆ. ಹನ್ನೊಂದು ವರ್ಷಗಳಲ್ಲಿ ಅರವತ್ತು ಪಾಳುಬಂಗಲೆ ಕಟ್ಟಿದ ಮಹಾಶಿಲ್ಪಿ ಅವನು! ವಾಸ ಮಾತ್ರ ಮೂರು ಕೋಣೆ, ಒಂದು ಉಗ್ರಾಣದ ಪುಟ್ಟ ಮನೆಯಲ್ಲಿ.

ಶಪಥಕ್ಕೆ ಕಾರಣವಿತ್ತು. ಅರ್ಧ ಗಂಟೆಯ ಹಿಂದಷ್ಟೇ ಅವನ ಹೊಸ ಬಂಗಲೆಯ ಪರೀಕ್ಷೆ ನಡೆದಿತ್ತು. ನಾಲ್ವರು ಪರೀಕ್ಷಕರು ಕಣ್ಣಿಗೆ ಆಟದ ಕನ್ನಡಕ ಹಾಕಿಕೊಂಡು ಮನೆಯೊಳಗೆ ಹೋಗುತ್ತಾರೆ. ಮಣಿಕಟ್ಟಿನ ಪಟ್ಟಿ ಅವರ ಎದೆಬಡಿತವನ್ನು ಎಣಿಸುತ್ತದೆ. ನಿಮಿಷಕ್ಕೆ ನೂರಹತ್ತು ದಾಟಿದರೆ ಮನೆ ಪಾಸು. ಈ ಸಲ ಮೇಸ್ತ್ರಿ ಕೈಬಿಚ್ಚಿ ಸುರಿದಿದ್ದ. ನಲವತ್ತೆರಡು ತಲೆಬುರುಡೆ, ತಾನಾಗಿ ನುಡಿಯುವ ಪಿಯಾನೊ, ಕಣ್ಣು ಹೊರಳಿಸುವ ಹದಿಮೂರು ಮುತ್ತಜ್ಜಂದಿರ ಚಿತ್ರಗಳು, ಬಚ್ಚಲಿನ ಎರಡೂ ನಲ್ಲಿಗಳಲ್ಲಿ ರಕ್ತ, ಒಂದರಲ್ಲಿ ಬಿಸಿ, ಒಂದರಲ್ಲಿ ತಣ್ಣಗಿನದು!

ಪರೀಕ್ಷಕರಲ್ಲಿ ಹಳಬನಿಗೆ ‘ಆಕಳಿಕೆ’ ಎಂದೇ ಅಡ್ಡಹೆಸರು. ಅವನ ಎದೆಬಡಿತ ಅರವತ್ತೆಂಟು ತೋರಿಸಿತು. ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ತೊಂಬತ್ತಿತ್ತಂತೆ. ಎಂದರೆ, ಮಹಾರಾಯ ಭೂತಬಂಗಲೆಯೊಳಗೆ ಹೋಗಿ ದಣಿವಾರಿಸಿಕೊಂಡು ಬಂದಿದ್ದ!

“ಪರದೆ ಬಟ್ಟೆ ಚೆನ್ನಾಗಿದೆ ಮೇಸ್ತ್ರಿ,” ಎಂದ ಆಕಳಿಕೆ ಕನ್ನಡಕ ತೆಗೆಯುತ್ತ. “ನಮ್ಮನೆಗೂ ಇಂಥದ್ದೇ ಹುಡುಕ್ತಿದ್ದೆ.”

ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುವುದು ಮೇಡಂ ಎಂದು. ಮೇಡಂಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. “ನೋಡಿ ಮೇಸ್ತ್ರಿ, ಜಾಗ ಸುಮ್ನಿದ್ದು ಹೆದರಿಸಬೇಕು. ನಿಮ್ಮದು ಹೆದರ್ಕೊಳ್ಳಿ ಹೆದರ್ಕೊಳ್ಳಿ ಅಂತ ಬೊಬ್ಬೆ ಹೊಡೀತಿದೆ. ಒಂದು ವಾರ ಮನೇಲೇ ಕೂತು ಕೆಲಸ ಮಾಡಿ. ಶುಕ್ರವಾರ ಮತ್ತೆ ಪರೀಕ್ಷೆ. ಆಗ್ಲಿಲ್ಲ ಅಂದ್ರೆ ಮನೆ ಕೆಲಸ ಮರದವನಿಗೆ. ನೀವು ಹುಲ್ಲಿಗೆ.”

ಹುಲ್ಲಿಗೆ! ಆ ಕಚೇರಿಯಲ್ಲಿ ಅದಕ್ಕಿಂತ ಕೆಳಗೆ ಇನ್ನೇನೂ ಇಲ್ಲ. ಮರದವನು ನೆಟ್ಟ ಮರಗಳ ಕೆಳಗೆ ಒಂದೊಂದೇ ಗರಿಕೆ ನೆಡುತ್ತ ಕೂರಬೇಕು. ಆಡುವವರು ಅದನ್ನು ತುಳಿದುಕೊಂಡೇ ಓಡುತ್ತಾರೆ. ಆಟದ ಕೊನೆಗೆ ಹೆಸರುಗಳು ಮೇಲೇರುವಾಗ ಹುಲ್ಲಿನವರ ಹೆಸರು ಬರುವಷ್ಟರಲ್ಲಿ ಎಲ್ಲರೂ ಎದ್ದು ಹೋಗಿರುತ್ತಾರೆ. ಹನ್ನೊಂದು ವರ್ಷದ ಮೇಸ್ತ್ರಿಗಿರಿ ಹುಲ್ಲಿನ ಪಾಲಾಗುವುದೇ? ಆಗ ಬಿದ್ದದ್ದು ಮೇಜಿಗೆ ಗುದ್ದು.

ಮನೆಗೆ ನಡೆದು ಬರುವ ದಾರಿಯಲ್ಲಿ ಅವನಿಗೆ ಜ್ಞಾನೋದಯವಾಯಿತು. ಬುರುಡೆ ಕಂಡರೆ ಯಾರು ಹೆದರುತ್ತಾರೆ? ಬುರುಡೆ ಇರುವಲ್ಲಿ ಹೆದರಬೇಕೆಂದು ಎಲ್ಲರಿಗೂ ಮೊದಲೇ ಗೊತ್ತು, ಅವರು ತಯಾರಾಗಿಯೇ ಬಂದಿರುತ್ತಾರೆ. ಆದರೆ ದಿನಾ ಓಡಾಡುವ ಜಾಗದಲ್ಲಿ, ನಂಬಿದ ಜಾಗದಲ್ಲಿ, ಒಂದೇ ಒಂದು ಸಂಗತಿ ಕೂದಲೆಳೆಯಷ್ಟು ತಪ್ಪಿದ್ದರೆ? ಅಲ್ಲಿದೆ ನಡುಕ! ಈ ಸಿದ್ಧಾಂತವನ್ನು ಮೊದಲು ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಯ ಮೇಲೆ ಪ್ರಯೋಗಿಸಿ ನೋಡುವುದೆಂದು ಅವನು ತೀರ್ಮಾನಿಸಿದ. ಬುದ್ಧಿ ಇದ್ದವರು ಯಾರೂ ಮಾಡದ ತೀರ್ಮಾನ ಅದು. ಏಕೆಂದರೆ ಅವನ ಹೆಂಡತಿ ಲಿಫ್ಟ್ ತಪಾಸಣೆ ಮಾಡುವವಳು.

ಇಪ್ಪತ್ತು ಮಹಡಿಯ ಕಟ್ಟಡದ ಲಿಫ್ಟ್ ಬಾವಿಯೊಳಗೆ ತಲೆಗೊಂದು ದೀಪ ಕಟ್ಟಿಕೊಂಡು ಇಳಿಯುವುದು, ಉಕ್ಕಿನ ಹಗ್ಗ ಸವೆದಿದೆಯೇ ಎಂದು ಬೆರಳಾಡಿಸಿ ನೋಡುವುದು ಅವಳ ದಿನಚರಿ. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮನೆ. ಕಿರ್ ಎಂದ ಸದ್ದು ಕೇಳಿದರೆ ಅವಳಿಗೆ ದೆವ್ವ ನೆನಪಾಗುವುದಿಲ್ಲ, ಗ್ರೀಸ್ ನೆನಪಾಗುತ್ತದೆ.

ಮನೆಯ ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡಬೇಕು. ವಾರದಲ್ಲಿ ಮೂರ್ನಾಲ್ಕು ದಿನ ಮೇಸ್ತ್ರಿಯ ಕೆಲಸ ಮನೆಯಿಂದಲೇ, ಆಗ ಕೆಲಸದ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ತೆರೆದರೆ ಬೆಳಕು ಬಿದ್ದು ಪರದೆಯ ಮೇಲಿನ ಕತ್ತಲೆ ಕೆಡುತ್ತದೆ ಎಂಬುದು ಅವನ ಶಾಸನ. ಹಾಗಾಗಿ ಹೆಂಡತಿ ಕೆಲಸದಿಂದ ಬಂದವಳು ಟೀ ಲೋಟ ಹಿಡಿದು, ಆ ಮುಚ್ಚಿದ ಬಾಗಿಲಿಗೇ ಬೆನ್ನು ಕೊಟ್ಟು ನೆಲದ ಮೇಲೆ ಕೂತು ದಿನದ ಸಮಾಚಾರ ಹೇಳುತ್ತಾಳೆ. ಒಳಗಿನಿಂದ ಇವನು ಹೂಂಗುಟ್ಟುತ್ತಾನೆ. ಆರು ವರ್ಷಗಳಿಂದ ಅವರ ದಾಂಪತ್ಯದ ಮುಖ್ಯ ಮಾತುಕತೆಯೆಲ್ಲ ಈ ಮರದ ಹಲಗೆಯ ಮೂಲಕವೇ ನಡೆದಿತ್ತು.

ಶನಿವಾರ ಮೊದಲ ಪ್ರಯೋಗ. ಉಗ್ರಾಣದ ಬಾಗಿಲಿನ ತಿರುಗಣೆಗಳನ್ನು ಸೋಪು ನೀರು ಹಾಕಿ ಉಜ್ಜಿ, ಎಣ್ಣೆಯ ಪಸೆಯನ್ನೆಲ್ಲ ತೆಗೆದ. ಬಾಗಿಲು ಅಲುಗಿದರೆ ಸಾಕು, ನರಳತೊಡಗಿತು. ಹೆಂಡತಿ ಬಂದಳು, ಕೇಳಿದಳು, ಫೋನಿನಲ್ಲಿ ಮಾತಾಡುತ್ತಲೇ ಒಂದು ಕೈಯಲ್ಲಿ ಎಣ್ಣೆ ಡಬ್ಬ ತೆಗೆದು ತಿರುಗಣೆಗಳಿಗೆ ಧಾರಾಳವಾಗಿ ಬಿಟ್ಟಳು. ಬಾಗಿಲು ಹುಟ್ಟಿದಾಗಿನಿಂದ ಅಷ್ಟು ನುಣ್ಣಗೆ ಆಡಿರಲಿಲ್ಲ.

ಭಾನುವಾರ ನಡುಮನೆಯ ಬಲ್ಬನ್ನು ಸಡಿಲಿಸಿ ಮಿಣುಕುವಂತೆ ಮಾಡಿದ. ಅವಳು ಕುರ್ಚಿ ಹತ್ತಿ ಬಿಗಿ ಮಾಡಿ, “ಒಂದು ಬಲ್ಬ್ ಹಾಕೋಕೂ ಬರಲ್ವಲ್ರೀ ನಿಮಗೆ,” ಎಂದು ಇಳಿದಳು. ಸೋಮವಾರ ಆ ಕುರ್ಚಿಯನ್ನೇ ಗೋಡೆಗೆ ಮುಖ ಮಾಡಿ ಇಟ್ಟ. ಯಾರೋ ಅದೃಶ್ಯರು ಗೋಡೆ ನೋಡುತ್ತ ಕೂತಂತಿತ್ತು. ಇಟ್ಟವನಿಗೇ ಮೈ ಜುಮ್ಮೆಂದಿತು. ಹೆಂಡತಿ ಬಂದು ಅದರಲ್ಲೇ ಕೂತು, ಗೋಡೆ ನೋಡುತ್ತಲೇ ಅರ್ಧ ಗಂಟೆ ಕಾಲು ಒತ್ತಿಕೊಂಡಳು. “ಒಳ್ಳೇದಾಯ್ತು, ಕಿಟಕಿ ಬಿಸಿಲು ಕಣ್ಣಿಗೆ ಹೊಡೀತಿತ್ತು,” ಎಂದಳು.

ಮೇಸ್ತ್ರಿಯ ಟಿಪ್ಪಣಿ ಪುಸ್ತಕದಲ್ಲಿ ಮೂರು ಸೊನ್ನೆಗಳು ಬಿದ್ದವು. ಹಟ ಏರಿತು. ಸೋಮವಾರ ಸಂಜೆ ಉಗ್ರಾಣದ ಬಾಗಿಲಿನ ಒಳಗಿನ ಹಿಡಿಯನ್ನೂ ಬಿಚ್ಚಿ ತಂದ. ಒಳಗೆ ಹೋದವರು ಹೊರಗೆ ಬರಲು ಕೈ ಚಾಚಿದಾಗ ಹಿಡಿಯೇ ಇರಬಾರದು, ಆಹಾ! ಆದರೆ ಅವನ ಹಳೆ ಕಂಪ್ಯೂಟರುಗಳಿಂದ ತುಂಬಿದ್ದ ಆ ಉಗ್ರಾಣದೊಳಗೆ ಹೆಂಡತಿ ಕಾಲಿಡುತ್ತಿರಲಿಲ್ಲ. ಹಿಡಿ ಅವನ ಮೇಜಿನ ಮೇಲೆ ಕಾಗದ ಹಾರದಂತೆ ಭಾರಕ್ಕೆ ಕೂತಿತು. ಅದನ್ನು ಬಿಚ್ಚಿದ್ದು ಅವನಿಗೇ ಮರೆತುಹೋಯಿತು.

ಮಂಗಳವಾರ ಬ್ರಹ್ಮಾಸ್ತ್ರ. ಕಚೇರಿಯಲ್ಲಿ ಸದ್ದುಗಳನ್ನು ತಯಾರಿಸುವ ಸಹೋದ್ಯೋಗಿಯೊಬ್ಬಳು ಅವನಿಗೊಂದು ಡಬ್ಬಿ ಕೊಟ್ಟಿದ್ದಳು. ಅಂಗೈಯಗಲದ್ದು. ಎದುರಿಗೆ ಯಾರಾದರೂ ಮಾತಾಡಿ ನಿಲ್ಲಿಸಿದ ಕೂಡಲೇ, ಒಳಗೆ ತುಂಬಿಟ್ಟ ಮಾತುಗಳಲ್ಲಿ ಒಂದನ್ನು ಅದು ನುಡಿಯುತ್ತದೆ. “ಐವತ್ತು ಮಾತು ಹಿಡಿಸುತ್ತೆ ಮೇಸ್ತ್ರಿ, ಜೋಪಾನ, ನನಗೆ ವಾಪಸ್ ಬೇಕು,” ಎಂದಿದ್ದಳು.

ಯೋಜನೆ ಸರಳ, ಭಯಂಕರ! ಡಬ್ಬಿಯನ್ನು ಕೆಲಸದ ಕೋಣೆಯ ಬಾಗಿಲ ಹಿಂದೆ ಇಡುವುದು. ತಾನು ಎದುರಿನ ಉಗ್ರಾಣದಲ್ಲಿ ಅಡಗುವುದು. ಹೆಂಡತಿ ಬಂದು ಎಂದಿನಂತೆ ಬಾಗಿಲಿನೊಂದಿಗೆ ಮಾತಾಡುತ್ತಾಳೆ, ಒಳಗಿನಿಂದ ಗಂಡನ ದನಿ ಬರುತ್ತದೆ. ಆಗ ಅವಳ ಕಣ್ಣೆದುರಿನ ಉಗ್ರಾಣದಿಂದ ಸಾಕ್ಷಾತ್ ಗಂಡ ಪ್ರತ್ಯಕ್ಷ! ಹಾಗಾದರೆ ಒಳಗಿರುವವರು ಯಾರು? ಲಿಫ್ಟಿನವಳಾದರೇನು, ಪರಬ್ರಹ್ಮನೇ ಆದರೇನು, ನೂರಹತ್ತು ದಾಟಲೇಬೇಕು.

ಏನು ಮಾತು ತುಂಬುವುದು? ತಾನು ದಿನಾ ಬಾಗಿಲಾಚೆಗೆ ಏನೇನು ಹೇಳುತ್ತೇನೆ ಎಂದು ನೆನೆಸಿಕೊಂಡು ಪಟ್ಟಿ ಮಾಡಿದ. ಐವತ್ತಕ್ಕೆ ಜಾಗವಿದ್ದ ಡಬ್ಬಿಗೆ ಐದೇ ಸಾಕಾದವು. “ಹ್ಞೂಂ.” “ಸರಿ.” “ಹೌದಲ್ವಾ.” “ಇನ್ನೈದು ನಿಮಿಷ.” “ನೀನು ಹೇಳಿದ ಹಾಗೇ ಆಗ್ಲಿ.”

ಎರಡಕ್ಕೆ ಐದು ನಿಮಿಷವಿರುವಾಗ ಉಗ್ರಾಣ ಹೊಕ್ಕು, ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟುಕೊಂಡು ಕೂತ. ಕಚೇರಿಯ ಎದೆಬಡಿತದ ಪಟ್ಟಿಯನ್ನು ಹೆಂಡತಿಗೆ ಕಟ್ಟಲು ತಂದಿದ್ದ. ಅವಳು ಕಟ್ಟಿಸಿಕೊಂಡಿರಲಿಲ್ಲ, ಅದೀಗ ಅವನ ಕೈಯಲ್ಲೇ ಎಪ್ಪತ್ತೆರಡು ಎಂದು ಮಿನುಗುತ್ತಿತ್ತು. ಹೊರಬಾಗಿಲು ತೆರೆದ ಸದ್ದಾಯಿತು. ಗಾಳಿ ಬೀಸಿತು. ಶನಿವಾರ ಧಾರಾಳವಾಗಿ ಎಣ್ಣೆ ಕುಡಿದ ಉಗ್ರಾಣದ ಬಾಗಿಲು, ಚೂರೂ ಸದ್ದಿಲ್ಲದೆ, ನುಣ್ಣಗೆ ಬಂದು ಕ್ಲಿಕ್ ಎಂದು ಮುಚ್ಚಿಕೊಂಡಿತು.

ಮೇಸ್ತ್ರಿ ಹಿಡಿಗೆ ಕೈ ಹಾಕಿದ. ಹಿಡಿಯಿದ್ದ ಜಾಗದಲ್ಲಿ ಒಂದು ತೂತಿತ್ತು. ಹಿಡಿ ಎಲ್ಲಿದೆ ಎಂಬುದು ಅವನಿಗೆ ಆಗ ಚೆನ್ನಾಗಿ ನೆನಪಾಯಿತು. ಫೋನೂ ಅಲ್ಲೇ, ಅದೇ ಮೇಜಿನ ಮೇಲೆ.

ಪರವಾಗಿಲ್ಲ, ಕೂಗಿದರಾಯಿತು. ಆದರೆ ಈಗಲೇ ಕೂಗಿದರೆ ಪ್ರಯೋಗ ಕೆಡುತ್ತದಲ್ಲ? ಬಾಗಿಲ ಮೇಲಿನ ಜಾಲರಿಯಿಂದ ಎಲ್ಲ ಕೇಳಿಸುತ್ತಿತ್ತು. ಒಂದೆರಡು ಮಾತು ಕೇಳಿಸಿಕೊಂಡು ಆಮೇಲೆ ಕೂಗುವುದೆಂದು ಸುಮ್ಮನಾದ. ವಿಜ್ಞಾನಿಯಾದವನು ಇಷ್ಟಾದರೂ ತಾಳ್ಮೆ ತೋರಿಸಬೇಡವೇ?

ಹೆಂಡತಿ ಟೀ ಲೋಟದೊಂದಿಗೆ ಕೆಲಸದ ಕೋಣೆಯ ಬಾಗಿಲಿಗೆ ಒರಗಿ ಕೂತಳು. “ರೀ, ಬಂದೆ.”

“ಹ್ಞೂಂ,” ಎಂದಿತು ಡಬ್ಬಿ. ದನಿಯಲ್ಲಿ ಎಂಥ ಸಹಜತೆ! ಮೇಸ್ತ್ರಿ ಕತ್ತಲಲ್ಲೇ ನಕ್ಕ.

“ಊಟ ಮಾಡಿದ್ರಾ?”

“ಇನ್ನೈದು ನಿಮಿಷ.”

“ನಿಮ್ಮ ಐದು ನಿಮಿಷ ನನಗೆ ಗೊತ್ತಿಲ್ವಾ? ಸರಿ ಕೇಳಿ. ಆ ಉಗ್ರಾಣದಲ್ಲಿ ನಿಮ್ಮ ಹಳೇ ಕಂಪ್ಯೂಟರ್ ಹೆಣಗಳಿವೆಯಲ್ಲ, ಅವನ್ನೆಲ್ಲ ಇವತ್ತೇ ಗುಜರಿಗೆ ಹಾಕ್ತೀನಿ. ಆಮೇಲೆ ಕಿರುಚಾಡಬಾರ್ದು.”

“ನೀನು ಹೇಳಿದ ಹಾಗೇ ಆಗ್ಲಿ.”

ಮೇಸ್ತ್ರಿಯ ನಗು ನಿಂತಿತು. ಅವನು ಮೊದಲ ಬಂಗಲೆ ಕಟ್ಟಿದ ಯಂತ್ರ ಅದರಲ್ಲಿದೆ! “ಏಯ್! ಬೇಡ!” ಎಂದು ಕೂಗಿದ. ಅದೇ ಕ್ಷಣಕ್ಕೆ ಮೇಲಿನ ಮಹಡಿಯ ಮನೆಯಲ್ಲಿ ಡ್ರಿಲ್ ಗುರುಗುಟ್ಟಿತು. ವಾರದಿಂದ ಅಲ್ಲಿ ಹಳೆ ನೆಲ ಒಡೆಯುವ ಕೆಲಸ ನಡೆಯುತ್ತಿತ್ತು. ಅದು ನಿಂತಾಗ ಹೆಂಡತಿ ಮುಂದಿನ ವಿಷಯಕ್ಕೆ ಬಂದಿದ್ದಳು.

“ಅಣ್ಣ ಫೋನ್ ಮಾಡಿದ್ದ. ಭಾನುವಾರ ಬರ್ತಾನಂತೆ, ಒಂದು ತಿಂಗಳು ಇರ್ತಾನೆ. ನಿಮ್ಮ ಈ ಕೋಣೇಲೇ ಮಲಗ್ಲಿ. ಟ್ರಂಪೆಟ್ ಕಲೀತಿದ್ದಾನಂತೆ, ಬಾಗಿಲು ಹಾಕ್ಕೊಂಡು ಊದ್ತಾನೆ ಪಾಪ.”

“ಸರಿ,” ಎಂದಿತು ಡಬ್ಬಿ, ಒಂದು ಕ್ಷಣವೂ ತಡಮಾಡದೆ.

“ಸರಿ ಅಲ್ಲ! ಸರಿ ಅಲ್ವೇ ಅಲ್ಲ!” ಮೇಸ್ತ್ರಿ ಬಾಗಿಲಿಗೆ ಎರಡೂ ಮುಷ್ಟಿಯಲ್ಲಿ ಬಡಿದ. ಡ್ರಿಲ್ ಮತ್ತೆ ಶುರುವಾಯಿತು. ಅದಕ್ಕೂ ಇವನಿಗೂ ಏನೋ ಹಳೆಯ ದ್ವೇಷವಿದ್ದಂತಿತ್ತು.

“ಮೇಲಿನವರು ಇವತ್ತು ಕೂಗಾಟಾನೂ ಶುರು ಮಾಡ್ಕೊಂಡಿದ್ದಾರೆ ನೋಡ್ರಿ,” ಎಂದಳು ಹೆಂಡತಿ. “ಯಾರೋ ಬೆರಳು ಜಜ್ಜಿಕೊಂಡ್ರೇನೋ. ದನಿ ಸ್ವಲ್ಪ ನಿಮ್ಮ ಥರಾನೇ ಇದೆ.”

“ಹೌದಲ್ವಾ.”

ಮೇಸ್ತ್ರಿ ಎದೆ ತುಂಬ ಉಸಿರೆಳೆದುಕೊಂಡ. ಈ ಸಲ ಡ್ರಿಲ್ಲಿಗಿಂತ ಜೋರಾಗಿ ಕೂಗುವುದೇ ಸೈ. ಅಷ್ಟರಲ್ಲಿ ಡ್ರಿಲ್ ತಾನಾಗಿಯೇ ನಿಂತಿತು. ಮನೆಯೆಲ್ಲ ನಿಶ್ಶಬ್ದವಾಯಿತು. ಹೆಂಡತಿಯ ದನಿ ಬದಲಾಗಿತ್ತು.

“ಇವತ್ತೊಂದು ಆಯ್ತು ಕಣ್ರೀ. ಹದಿನಾರನೇ ಮಹಡಿ ಹತ್ರ ಲಿಫ್ಟ್ ನಿಂತೋಯ್ತು. ಒಳಗೆ ನಾನೊಬ್ಳೇ. ಅದೇನೂ ದೊಡ್ಡದಲ್ಲ, ಎಷ್ಟು ಸಲ ಸಿಕ್ಕಾಕ್ಕೊಂಡಿಲ್ಲ ನಾನು. ದೀಪ ಹೋಯ್ತು, ಅದೂ ಸರಿ. ಸಹಾಯದ ಗುಂಡಿ ಒತ್ತಿದೆ. ‘ನಿಮ್ಮ ಜೊತೆ ನಾವಿದ್ದೇವೆ, ಗಾಬರಿಯಾಗಬೇಡಿ’ ಅಂತ ಒಂದು ಹೆಂಗಸಿನ ದನಿ ಬಂತು. ಸದ್ಯ ಅನ್ನಿಸ್ತು. ಎಲ್ಲಿದೀನಿ, ಏನಾಗಿದೆ ಎಲ್ಲಾ ಹೇಳ್ದೆ. ‘ನಿಮ್ಮ ಜೊತೆ ನಾವಿದ್ದೇವೆ, ಗಾಬರಿಯಾಗಬೇಡಿ’ ಅಂತು. ಯಾರನ್ನ ಕಳಿಸ್ತೀರಿ ಅಂದೆ. ಮತ್ತೆ ಅದೇ. ಅದೇ ರಾಗ, ಅದೇ ನಿಧಾನ. ಆಗ ಗೊತ್ತಾಯ್ತು ನನಗೆ, ಅಲ್ಲಿ ಯಾರೂ ಇಲ್ಲ ಅಂತ. ಅಲ್ಲೀತನಕ ಏನೂ ಆಗಿರ್ಲಿಲ್ಲ. ಯಾರೂ ಇಲ್ಲ ಅಂತ ಗೊತ್ತಾದ್ಮೇಲೆ ಕೈಕಾಲು ನಡುಗೋಕೆ ಶುರುವಾಯ್ತು. ಹದಿನೈದು ವರ್ಷದ ಕೆಲಸದಲ್ಲಿ ಮೊದಲನೇ ಸಲ.”

ಡಬ್ಬಿ ಕೂಡಲೇ ಉತ್ತರಿಸಿತು. “ಹ್ಞೂಂ.”

“ಮೂವತ್ತೈದು ನಿಮಿಷ ಹಾಗೇ ನಿಂತಿದ್ದೆ.”

“ಇನ್ನೈದು ನಿಮಿಷ.”

“ಹ್ಞಾಂ, ಸರಿಯಾಗಿ ನಲವತ್ತು ನಿಮಿಷ! ನಿಮಗೆ ಹೇಗೆ ಗೊತ್ತಾಯ್ತು?” ಹೆಂಡತಿ ಸಣ್ಣಗೆ ನಕ್ಕಳು. ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು. “ಯಾರಿಗೂ ಹೇಳಿಲ್ಲ ಇದನ್ನ. ನಿಮಗೆ ಹೇಳಿದ್ಮೇಲೆ ಹಗುರಾಯ್ತು ನೋಡಿ.”

ಉಗ್ರಾಣದೊಳಗೆ ಮೇಸ್ತ್ರಿ ತೆರೆದ ಬಾಯಿ ತೆರೆದ ಹಾಗೇ ಕೂತಿದ್ದ. ಡ್ರಿಲ್ ನಿಂತಿತ್ತು, ದನಿಯೂ ಇತ್ತು, ಕೂಗಿದ್ದರೆ ಖಂಡಿತ ಕೇಳಿಸುತ್ತಿತ್ತು. ಕೂಗಲಾಗಲಿಲ್ಲ. ಕೂಗಿದರೆ, ನೀನು ಇಷ್ಟು ಹೊತ್ತು ಮನಸ್ಸು ಬಿಚ್ಚಿದ್ದು ಮತ್ತೊಂದು ಡಬ್ಬಿಯ ಮುಂದೆ ಎಂದು ಹೇಳಬೇಕಾಗುತ್ತಿತ್ತು. ಅವನಿಗೆ ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

“ಈ ಗಲಾಟೇಲಿ ತಲೆ ಸಿಡೀತಿದೆ,” ಎಂದು ಹೆಂಡತಿ ಎದ್ದಳು. “ಕೆಲಸದ ಕಿವಿಗವಸು ಹಾಕ್ಕೊಂಡು ಒಂದ್ಗಂಟೆ ಮಲಗ್ತೀನಿ. ಏನಾದ್ರೂ ಬೇಕಿದ್ರೆ ಕೂಗಬೇಡಿ, ಕೇಳ್ಸಲ್ಲ.”

“ಸರಿ.”

ಇಷ್ಟಾದ ಮೇಲೆ ಮೇಸ್ತ್ರಿ ಧೈರ್ಯ ತಂದುಕೊಂಡು ಕೂಗಿದ. ಕೂಗಿಯೇ ಕೂಗಿದ. ಲಿಫ್ಟಿನ ಮೋಟಾರಿನ ಪಕ್ಕ ನಿಂತು ಕೆಲಸ ಮಾಡುವವರ ಕಿವಿಗವಸು ಅದು. ಡ್ರಿಲ್ಲಿಗೇ ಜಗ್ಗದ ವಸ್ತು ಮೇಸ್ತ್ರಿಗೆ ಜಗ್ಗೀತೇ?

ಹೆದರಿಕೆ ಬಂದದ್ದು ಆಮೇಲೆ, ನಿಧಾನವಾಗಿ. ಅಲ್ಲೊಂದು ಬುರುಡೆಯಿರಲಿಲ್ಲ, ಬಾವಲಿಯಿರಲಿಲ್ಲ. ಮಧ್ಯಾಹ್ನದ ಬಿಸಿಲು ಜಾಲರಿಯಿಂದ ಬಂದು ಹಳೆ ಕೀಬೋರ್ಡಿನ ಮೇಲೆ ಬಿದ್ದಿತ್ತು. ಹೊರಗೆ ತನ್ನದೇ ಮನೆ, ತನ್ನದೇ ಹೆಂಡತಿ, ತನ್ನದೇ ದನಿ. ಎಲ್ಲವೂ ಎಂದಿನಂತೆ ನಡೆದಿತ್ತು. ಗಂಡನೆಂಬ ಹುದ್ದೆ ಒಂದು ದಿನಕ್ಕೂ ಖಾಲಿ ಬಿದ್ದಿರಲಿಲ್ಲ! ಎರಡು ಬ್ಯಾಟರಿ, ಐದು ಮಾತಿನ ಡಬ್ಬಿ ಬಂದು ಕೂತಿದೆ, ಯಾರಿಗೂ ಕೊರತೆ ಕಂಡಿಲ್ಲ. ಇವತ್ತಲ್ಲ, ಒಂದು ವರ್ಷ ತಾನು ಇಲ್ಲೇ ಕೂತಿದ್ದರೂ ಗೊತ್ತಾಗುವುದಿಲ್ಲವೇನೋ. ಮಣಿಕಟ್ಟಿನ ಪಟ್ಟಿ ನೋಡಿಕೊಂಡ. ನೂರ ಇಪ್ಪತ್ತೊಂದು. ಹನ್ನೊಂದು ವರ್ಷಗಳಲ್ಲಿ ಅವನು ಕಟ್ಟಿದ ಯಾವ ಮನೆಯೂ ಅಷ್ಟು ತೋರಿಸಿರಲಿಲ್ಲ.

ಒಂದು ಗಂಟೆಯ ನಂತರ ಬಾಗಿಲು ತೆರೆಯಿತು. ಗಂಡನ ಒಪ್ಪಿಗೆ ಸಿಕ್ಕಿತೆಂದು ಹೆಂಡತಿ ಗುಜರಿ ಮೂಟೆ ಕಟ್ಟಲು ಗೋಣಿಚೀಲ ಹಿಡಿದು ಬಂದಿದ್ದಳು. ಕಂಪ್ಯೂಟರ್ ಹೆಣಗಳ ನಡುವೆ ಧೂಳು ಮೆತ್ತಿಕೊಂಡು ಗಂಡ ಕೂತಿದ್ದ.

“ರೀ! ಇಲ್ಲೇನು ಮಾಡ್ತಿದ್ದೀರಿ?”

“ಹ್ಞೂಂ,” ಎಂದಿತು ಅವಳ ಬೆನ್ನ ಹಿಂದಿನ ಕೋಣೆ.

ಹೆಂಡತಿ ಮೆಲ್ಲಗೆ ಹಿಂದಿರುಗಿ ನೋಡಿದಳು. ಮತ್ತೆ ಇವನನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಪ್ರಯೋಗ ಫಲಿಸಿತ್ತು. ನಾಲ್ಕು ದಿನದಿಂದ ಯಾವ ಮುಖ ನೋಡಲು ಮೇಸ್ತ್ರಿ ಹಪಹಪಿಸಿದ್ದನೋ ಆ ಮುಖ ಎದುರಿಗಿತ್ತು, ಅವನಿಗೆ ನೋಡಲಾಗಲಿಲ್ಲ.

ಅವಳು ಹೋಗಿ ಕೆಲಸದ ಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು. ಡಬ್ಬಿ ತಂದಳು. ಹಿಂದುಮುಂದು ತಿರುಗಿಸಿ ನೋಡಿ, ಎರಡೂ ಬ್ಯಾಟರಿ ಕಳಚಿದಳು.

“ಯಾವಾಗಿಂದ?”

“ನೀನು ಬಂದಾಗಿಂದ.”

“ಲಿಫ್ಟ್ ವಿಷಯ?”

“ಕೇಳಿಸ್ತು. ಎಲ್ಲಾ ಕೇಳಿಸ್ಕೊಂಡೆ. ತಪ್ಪಾಯ್ತು.”

“ಅಷ್ಟು ಹೊತ್ತು ಎದುರುಮಾತಿಲ್ಲದೆ ಕೇಳ್ತಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು,” ಎಂದಳು ಅವಳು. “ಸರಿ, ಏಳಿ. ಗೋಣಿಚೀಲ ಹಿಡ್ಕೊಳ್ಳಿ. ಭಾನುವಾರ ಅಣ್ಣ ಬರ್ತಾನೆ.”

“ಅದಕ್ಕೆ ಒಪ್ಪಿದ್ದು ನಾನಲ್ಲ, ಡಬ್ಬಿ!”

“ದನಿ ಯಾರ್ದು?”

“ನನ್ನದೇ, ಆದ್ರೆ...”

“ಮಾತು?”

“ನನ್ನದೇ.”

“ಮತ್ತೆ?”

ಮೇಸ್ತ್ರಿ ಗೋಣಿಚೀಲ ಹಿಡಿದುಕೊಂಡ.

ಬುಧವಾರ, ಗುರುವಾರ ಎರಡೂ ದಿನ ಅವನು ತಲೆ ಎತ್ತದೆ ಮನೆ ಕಟ್ಟಿದ. ಒಂದೂ ಬುರುಡೆಯಿಲ್ಲದ ಮನೆ. ಸಣ್ಣ ಉಗ್ರಾಣ, ಒಳಗಿನಿಂದ ಹಿಡಿಯಿಲ್ಲದ ಬಾಗಿಲು, ಮೇಲೊಂದು ಜಾಲರಿ, ಮಧ್ಯಾಹ್ನದ ಬಿಸಿಲು. ಆಟ ಶುರುವಾಗುವ ಮೊದಲು ಆಡುವವರಿಂದಲೇ ನಾಲ್ಕು ಮಾತು ಹೇಳಿಸಿಕೊಳ್ಳುವುದು. ಒಳಗೆ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ಬಾಗಿಲಾಚೆ ಆ ಮನೆಯ ಜನ ಟೀ ಕುಡಿಯುತ್ತ, ಒಳಗಿದ್ದವರು ತಮ್ಮೆದುರೇ ಇದ್ದಾರೆಂಬಂತೆ ಮಾತಾಡುತ್ತಾರೆ, ಸಿಕ್ಕಿಬಿದ್ದವರ ದನಿಯೇ ಆಚೆಯಿಂದ ಉತ್ತರ ಕೊಡುತ್ತದೆ. ಎಲ್ಲರೂ ಸುಖವಾಗಿ ನಗುತ್ತಾರೆ. ಅಷ್ಟೇ.

ಶುಕ್ರವಾರ ಆಕಳಿಕೆ ಒಳಗೆ ಹೋಗಿ ಆರನೇ ನಿಮಿಷಕ್ಕೆ ಕನ್ನಡಕ ಕಿತ್ತೆಸೆದು ಎದ್ದ. ನೂರ ಇಪ್ಪತ್ತಾರು! ಎದ್ದವನು ಮೊದಲು ಮಾಡಿದ ಕೆಲಸ ತನ್ನ ಅಮ್ಮನಿಗೆ ಫೋನ್ ಮಾಡಿದ್ದು. “ಅಮ್ಮಾ, ನಾನೇ. ಹೌದಮ್ಮಾ, ನಿಜವಾಗ್ಲೂ ನಾನೇ,” ಎನ್ನುತ್ತಿದ್ದ.

“ಹುಲ್ಲು ಬೇಡ, ಮನೆ ನಿಮ್ಮದೇ,” ಎಂದರು ಮೇಡಂ. “ಹೇಗೆ ಹೊಳೀತು ಇದು?”

“ಎಲ್ಲಾ ಸ್ವಂತ ಚಿಂತನೆ ಮೇಡಂ!” ಎಂದ ಮೇಸ್ತ್ರಿ. ಎದೆ ಎಷ್ಟು ಉಬ್ಬಿತ್ತೆಂದರೆ, ಸದ್ದಿನ ಸಹೋದ್ಯೋಗಿ ಬಂದು ತನ್ನ ಡಬ್ಬಿ ಎಲ್ಲಿ ಎಂದು ಕೇಳಿದಾಗ, “ಮನೇಲೆಲ್ಲೋ ಇರ್ಬೇಕು, ನಾಳೆ ನೋಡೋಣ,” ಎಂದು ಕೈ ಬೀಸಿ ಹೊರಟುಬಿಟ್ಟ.

ದಾರಿಯುದ್ದಕ್ಕೂ ಅವನು ಒಳ್ಳೆಯ ನಿರ್ಧಾರವನ್ನೇ ಮಾಡಿದ್ದ. ಇವತ್ತು ಹೆಂಡತಿಯ ಎದುರಿಗೆ ಕೂತು, ಬಾಗಿಲಿನ ಅಡ್ಡಿಯಿಲ್ಲದೆ, ಆ ಲಿಫ್ಟಿನ ಕಥೆಯನ್ನು ಮೊದಲಿನಿಂದ ಕೇಳಬೇಕು. ಮನೆ ತಲುಪಿದಾಗ ನಾಲ್ಕು ಗಂಟೆ. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು.

“ಇದ್ದೀಯಾ?”

“ಹ್ಞಾಂ, ಹೇಳಿ,” ಎಂದಿತು ಹೆಂಡತಿಯ ದನಿ.

“ನಿನ್ನ ಲಿಫ್ಟ್ ವಿಷಯ ಕೇಳಬೇಕು. ಆದ್ರೆ ಮೊದಲು ನಂದು ಎರಡೇ ಮಾತು ಹೇಳಿಬಿಡ್ತೀನಿ!” ಎಂದು ಮೇಸ್ತ್ರಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಪರೀಕ್ಷೆ ಶುರುವಾದದ್ದು ಹೇಳಿದ.

“ಹೌದಾ? ಆಮೇಲೆ?”

ಆಕಳಿಕೆ ಕನ್ನಡಕ ಕಿತ್ತೆಸೆದದ್ದು ಹೇಳಿದ. “ಅಯ್ಯೋ ದೇವ್ರೇ!” ಎಂದಳು. ಮೇಡಂ ಹೊಗಳಿದ್ದು ಹೇಳಿದ, ಹೊಗಳದೇ ಇದ್ದದ್ದನ್ನೂ ಸೇರಿಸಿ ಹೇಳಿದ. “ನಿಮ್ಮನ್ನ ಬಿಟ್ರೆ ಯಾರಿಗೆ ಬರುತ್ತೆ!” ಎಂದಳು. ಮೇಸ್ತ್ರಿಯ ಕಣ್ಣು ತುಂಬಿತು. ಮದುವೆಯಾದಾಗಿನಿಂದ ಅವಳು ಇಷ್ಟು ಅಕ್ಕರೆಯಿಂದ, ಮಧ್ಯೆ ಒಂದು ಕೊಂಕೂ ಇಲ್ಲದೆ ಕೇಳಿದ್ದೇ ಇಲ್ಲ. ಎರಡೇ ಮಾತು ಅರ್ಧ ಗಂಟೆಯಾಯಿತು. ಮುಂದಿನ ಆಟದಲ್ಲಿ ತಾನು ಏನೇನು ಕಟ್ಟಲಿದ್ದೇನೆ ಎಂಬಲ್ಲಿಗೆ ಬಂದಾಗ ಹೊರಬಾಗಿಲ ಬೀಗ ತಿರುಗಿತು.

ತಲೆದೀಪ, ಹೆಲ್ಮೆಟ್ಟು, ಕೈಯಲ್ಲೊಂದು ತರಕಾರಿ ಚೀಲ ಹಿಡಿದು ಹೆಂಡತಿ ಒಳಗೆ ಬಂದಳು.

“ಇವತ್ತು ಕೆಲಸ ತಡವಾಯ್ತು,” ಎಂದಳು. “ಯಾರ ಹತ್ರ ಮಾತಾಡ್ತಿದ್ದೀರಿ?”

“ಹೌದಾ? ಆಮೇಲೆ?” ಎಂದಿತು ಮಲಗುವ ಕೋಣೆ.

ಹೆಂಡತಿ ಚೀಲ ಕೆಳಗಿಟ್ಟು, ಮೇಸ್ತ್ರಿಯ ಪಕ್ಕ ಕೂತು, ಮಣಿಕಟ್ಟು ಹಿಡಿದು, ತನ್ನ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ನಾಡಿ ಎಣಿಸಿದಳು.

“ನೂರ ಮೂವತ್ತೆರಡು. ನಿಮ್ಮ ಆಟಕ್ಕೆ ಎಷ್ಟು ಬಂತು?”

“ನೂರ... ಇಪ್ಪತ್ತಾರು.”

“ನೀವು ಕಟ್ಟಿದ ಮನೆಗಿಂತ ನಮ್ಮನೆಗೇ ಆರು ಜಾಸ್ತಿ,” ಎಂದು ಅವಳು ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. “ಈಗ ನನ್ನ ಕಡೆ ತಿರುಗಿ ಕೂತ್ಕೊಳ್ಳಿ. ಹದಿನಾರನೇ ಮಹಡಿ ಹತ್ರ ಲಿಫ್ಟ್ ನಿಂತೋಯ್ತು ಅಂದ್ನಲ್ಲ.”

ಮೇಸ್ತ್ರಿ ತಿರುಗಿ ಕೂತ. ಅಭ್ಯಾಸಬಲದಿಂದ “ಹ್ಞೂಂ” ಎನ್ನಲು ಬಾಯಿ ತೆರೆದವನು ಬೆಚ್ಚಿಬಿದ್ದು ಮುಚ್ಚಿಕೊಂಡ. ಬೇರೆ ಏನು ಹೇಳಬೇಕೆಂದು ಅವನು ತಡಕಾಡುತ್ತಿದ್ದಾಗ, ಒಳಗಿನ ಡಬ್ಬಿಯೇ ಮೊದಲು ಕೇಳಿತು:

“ಹೌದಾ? ಆಮೇಲೆ?”